ಶ್ರಾಪ್‌ಶೈರ್‌ನ ಹಳ್ಳಿಯೊಂದರಲ್ಲಿ ಪ್ಯಾರಿಶ್ ಕೌನ್ಸಿಲರ್ ಆದ ಅನುಭವ

ಇಂಗ್ಲೆಂಡಿನ ಹಳ್ಳಿಯಲ್ಲಿ ಮನೆ ಮಾಡಿದವರಿಗೆ ಊರು ತಾನಾಗಿ ಬಂದು ಪರಿಚಯ ಹೇಳಿಕೊಳ್ಳುವುದಿಲ್ಲ. ದಾರಿಯಲ್ಲಿ ಎದುರಾದವರು ನಗುತ್ತಾರೆ, ಮಳೆಯ ಬಗ್ಗೆ ಒಂದು ಮಾತಾಡುತ್ತಾರೆ, ಜೊತೆಯಲ್ಲಿರುವ ನಾಯಿಯ ಹೆಸರನ್ನೂ ಹೇಳುತ್ತಾರೆ. ತಮ್ಮ ಹೆಸರು ಹೇಳಲು ಮಾತ್ರ ಕೆಲವು ತಿಂಗಳು ಹಿಡಿಯುತ್ತದೆ. ಇದನ್ನು ಬಿಗುಮಾನವೆಂದು ತಿಳಿದು ಬೇಸರಪಟ್ಟುಕೊಳ್ಳುವ ನಮ್ಮವರು ಅನೇಕರಿದ್ದಾರೆ. ಇಲ್ಲಿ ಸ್ನೇಹಕ್ಕಿಂತ ಮೊದಲು ಕೆಲಸ ಬರುತ್ತದೆ ಎಂಬುದು ನಾನು ಕಂಡುಕೊಂಡ ಸಂಗತಿ. ಚರ್ಚಿನ ಹೂವಿನ ಸರದಿ, ವಿಲೇಜ್ ಹಾಲ್‌ನ ಕುರ್ಚಿ ಜೋಡಿಸುವ ಸರದಿ, ಬೇಸಿಗೆಯ ಜಾತ್ರೆಯಲ್ಲಿ ಕೇಕ್ ಮಾರುವ ಮೇಜು, ಹೀಗೆ ಯಾವುದಾದರೊಂದು ಪಟ್ಟಿಯಲ್ಲಿ ಹೆಸರು ಬಿದ್ದ ಮೇಲೆಯೇ ಮನುಷ್ಯ ಊರಿನವನಾಗುವುದು. ನನ್ನ ಹೆಸರು ಪ್ಯಾರಿಶ್ ಕೌನ್ಸಿಲ್ಲಿನ, ಅಂದರೆ ಹಳ್ಳಿಯ ಚುನಾಯಿತ ಸ್ಥಳೀಯ ಮಂಡಳಿಯ, ಪಟ್ಟಿಗೆ ಸೇರಿತು.

ನಾವಿರುವುದು ಇಂಗ್ಲೆಂಡಿನ ಪಶ್ಚಿಮದ ಅಂಚಿನಲ್ಲಿ, ವೇಲ್ಸ್‌ನ ಗಡಿಗೆ ಹತ್ತಿರವಿರುವ ಶ್ರಾಪ್‌ಶೈರ್‌ನ ದಕ್ಷಿಣ ಭಾಗದಲ್ಲಿ. ಲಡ್ಲೋ ಪಟ್ಟಣ ನಮ್ಮ ಪೇಟೆ. ಕ್ಲೀ ಬೆಟ್ಟಗಳು ಅಡುಗೆಮನೆಯ ಕಿಟಕಿಯಿಂದ ಕಾಣುತ್ತವೆ. ಊರಿನಲ್ಲಿ ಕಲ್ಲಿನ ಚರ್ಚು, ಒಂದು ಪಬ್, ಒಂದು ಹಾಲ್, ಕಪ್ಪು ಮರದ ಚೌಕಟ್ಟಿಗೆ ಸುಣ್ಣ ಬಳಿದ ಗೋಡೆಯ ಹಳೆಯ ಮನೆಗಳು, ಸುತ್ತ ಕುರಿ ಮೇಯುವ ಹೊಲಗಳು. ಅಂಗಡಿ ನಾವು ಬರುವುದಕ್ಕೆ ಮೊದಲೇ ಮುಚ್ಚಿತ್ತು. ಕೊಳವೆಯ ಗ್ಯಾಸ್ ಇಲ್ಲ; ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಹಿತ್ತಲಿನ ಟ್ಯಾಂಕಿಗೆ ಸೀಮೆಎಣ್ಣೆ ತುಂಬಿಸಿಕೊಳ್ಳಬೇಕು. ಒಬ್ಬೊಬ್ಬರೇ ತರಿಸಿದರೆ ದರ ಹೆಚ್ಚು, ಸಾಮಾನ್ಯವಾಗಿ 500 ಲೀಟರಿಗಿಂತ ಕಡಿಮೆ ತಂದು ಹಾಕುವುದೂ ಇಲ್ಲ. ಆದ್ದರಿಂದ ಊರಿನವರೆಲ್ಲ ತಮಗೆ ಬೇಕಾದಷ್ಟನ್ನು ಬರೆಸಿ ಒಟ್ಟಿಗೆ ಕೊಳ್ಳುವ ಕೂಟವೊಂದಿದೆ. ಅದರ ಲೆಕ್ಕ ಇಡುತ್ತಿದ್ದ ಹಿರಿಯ ಮಹಿಳೆಗೆ ಕಣ್ಣಿನ ತೊಂದರೆ ಶುರುವಾದಾಗ ಆ ಲೆಕ್ಕ ನನ್ನ ಪಾಲಿಗೆ ಬಂತು. ಯಾರ ಮನೆಯ ಟ್ಯಾಂಕು ಯಾವ ತಿಂಗಳು ಖಾಲಿಯಾಗುತ್ತದೆ, ಯಾರು ಚಳಿಯಲ್ಲೂ ಹೀಟರನ್ನು ಹಿಡಿದು ಹಿಡಿದು ಉರಿಸುತ್ತಾರೆ ಎಂಬುದೆಲ್ಲ ಆ ಪಟ್ಟಿಯಿಂದಲೇ ತಿಳಿಯುತ್ತಿತ್ತು. ಊರಿನ ಸ್ಥಿತಿಗತಿ ತಿಳಿಯಲು ಅದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಸಿಗುತ್ತಿರಲಿಲ್ಲ.

ಅದೇ ಮಹಿಳೆ ಒಂದು ದಿನ, ‘ನೋಟಿಸ್ ಬೋರ್ಡ್ ನೋಡಿದಿರಾ? ಕೌನ್ಸಿಲ್ಲಿನಲ್ಲಿ ಒಂದು ಸ್ಥಾನ ತೆರವಾಗಿದೆ’ ಎಂದರು. ನಾನಿನ್ನೂ ಭಾರತದ ಪಾಸ್‌ಪೋರ್ಟಿನವನು ಎಂದು ಹೇಳಿದೆ. ‘ಅದು ಅಡ್ಡಿಯಾಗಲಾರದು, ಕ್ಲರ್ಕನ್ನು ಕೇಳಿ’ ಎಂದು ಅವರು ಎಣ್ಣೆಯ ಮಾತಿಗೆ ಮರಳಿದರು.

ನಿಜಕ್ಕೂ ಅಡ್ಡಿಯಾಗಲಿಲ್ಲ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ವಾಸವಿದ್ದರೆ ಮತದಾರರ ಪಟ್ಟಿಗೆ ಸೇರಬಹುದು. ಕಾಯಂ ವಾಸದ ಅನುಮತಿ ಇದ್ದರೆ ಸ್ಥಳೀಯ ಚುನಾವಣೆಗೂ ನಿಲ್ಲಬಹುದು. ಇದರ ಮೇಲೆ ಹದಿನೆಂಟು ತುಂಬಿರಬೇಕು, ಆ ಪ್ಯಾರಿಶ್‌ನ ಮತದಾರರಾಗಿರಬೇಕು, ಇಲ್ಲವೇ ಹಿಂದಿನ ಇಡೀ ವರ್ಷ ಅಲ್ಲೇ ಅಥವಾ ಅದರ ಗಡಿಯಿಂದ ಮೂರು ಮೈಲಿಯೊಳಗೆ ವಾಸವಿದ್ದಿರಬೇಕು, ಇಲ್ಲವೇ ಮುಖ್ಯ ಉದ್ಯೋಗ ಆ ಪ್ಯಾರಿಶ್‌ನಲ್ಲಿರಬೇಕು. ಹೆರಿಫರ್ಡ್‌ಗೆ ಹೋಗಿ ದುಡಿದು ಬರುವ ನನಗೆ ಮೊದಲ ಅರ್ಹತೆಯೇ ಸಾಕಾಯಿತು.

ಪ್ಯಾರಿಶ್ ಎಂದರೆ ಮೂಲತಃ ಒಂದು ಚರ್ಚಿಗೆ ಸೇರಿದ ಸರಹದ್ದು. ಹಳ್ಳಿಯ ಲೌಕಿಕ ವ್ಯವಹಾರವನ್ನೂ ಬಹಳ ಕಾಲ ಚರ್ಚಿನ ಸಭೆಯೇ, ಅಂದರೆ ಪಾದ್ರಿ ಮತ್ತು ಜಮೀನ್ದಾರರ ಮೇಲ್ವಿಚಾರಣೆಯಲ್ಲಿ ಕೂಡುತ್ತಿದ್ದ ವೆಸ್ಟ್ರಿ ಎಂಬ ಸಭೆಯೇ ನೋಡಿಕೊಳ್ಳುತ್ತಿತ್ತು. 1894ರ ಸ್ಥಳೀಯ ಆಡಳಿತ ಕಾಯ್ದೆ ಆ ಅಧಿಕಾರವನ್ನು ಚುನಾಯಿತ ಪ್ಯಾರಿಶ್ ಕೌನ್ಸಿಲ್‌ಗಳಿಗೆ ಕೊಟ್ಟಿತು. ಮದುವೆಯಾದ ಹೆಂಗಸರೂ ಮತ ಹಾಕಬಹುದು, ಸದಸ್ಯರಾಗಬಹುದು ಎಂದು ಅದೇ ಕಾಯ್ದೆ ಒಪ್ಪಿತೆಂಬುದನ್ನು ಗಮನಿಸಬೇಕು; ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕಿಗಾಗಿ ಅವರು ಆಮೇಲೆ 1918ರವರೆಗೆ ಕಾಯಬೇಕಾಯಿತು. ಈಗ ಇಂಗ್ಲೆಂಡಿನಲ್ಲಿ ಇಂಥ ಸ್ಥಳೀಯ ಕೌನ್ಸಿಲ್‌ಗಳು ಸುಮಾರು ಹತ್ತು ಸಾವಿರ ಇವೆ. ನಮ್ಮ ಗ್ರಾಮ ಪಂಚಾಯಿತಿಯನ್ನು ಕಣ್ಣ ಮುಂದಿಟ್ಟುಕೊಂಡು ಇವನ್ನು ಅಳೆಯಲು ಹೋದರೆ ನಿರಾಸೆಯಾದೀತು. 1993ರ ಕಾಯ್ದೆಯಂತೆ ಕರ್ನಾಟಕದಲ್ಲಿ ನಾನೂರು ಜನಕ್ಕೆ ಒಬ್ಬ ಸದಸ್ಯ, ಪಂಚಾಯಿತಿಗೆ ಅಭಿವೃದ್ಧಿ ಅಧಿಕಾರಿ, ಸರ್ಕಾರದ ಅನುದಾನ, ಉದ್ಯೋಗ ಖಾತ್ರಿಯ ಕಾಮಗಾರಿ ಎಲ್ಲ ಇವೆ. ಇಲ್ಲಿ ಐದು ಮಂದಿ ಸದಸ್ಯರಿದ್ದರೆ ಕಾನೂನಿಗೆ ಸಾಕು, ಅವರಿಗೆ ಸಂಬಳವಿಲ್ಲ, ಕೈಯಲ್ಲಿ ದೊಡ್ಡ ಅಧಿಕಾರವೂ ಇಲ್ಲ. ಹಳ್ಳಿಗಳಲ್ಲಿ ಪಕ್ಷದ ಹೆಸರು ಹೇಳಿಕೊಂಡು ನಿಲ್ಲುವವರು ಅಪರೂಪ. ಪಕ್ಷದ ಚಿಹ್ನೆ ಇಲ್ಲದೆ ಚುನಾವಣೆ ನಡೆಸುವ ನಮ್ಮ ಪಂಚಾಯಿತಿಗೂ ಇದಕ್ಕೂ ಇರುವ ಹೋಲಿಕೆ ಅದೊಂದೇ ಇರಬೇಕು. ನಮ್ಮಲ್ಲಿ ಚಿಹ್ನೆ ಇಲ್ಲದಿದ್ದರೂ ಯಾರು ಯಾವ ಪಕ್ಷವೆಂದು ಊರಿಗೇ ಗೊತ್ತಿರುತ್ತದೆ, ಆ ಮಾತು ಬೇರೆ.

ಸ್ಥಾನ ತೆರವಾದ ಕೂಡಲೇ ಯಾರನ್ನಾದರೂ ಕರೆದು ಕೂರಿಸುವಂತಿಲ್ಲ. ಮೊದಲು ಸಾರ್ವಜನಿಕ ಪ್ರಕಟಣೆ ಹಾಕಬೇಕು. ವಾರಾಂತ್ಯ ಮತ್ತು ರಜಾದಿನಗಳನ್ನು ಬಿಟ್ಟು ಹದಿನಾಲ್ಕು ದಿನಗಳೊಳಗೆ ಹತ್ತು ಮಂದಿ ಮತದಾರರು ಚುನಾವಣೆ ಬೇಕೆಂದು ಬರೆದುಕೊಟ್ಟರೆ ಮತದಾನ ನಡೆಸಲೇಬೇಕು; ಯಾರೂ ಕೇಳದಿದ್ದರೆ ಉಳಿದ ಸದಸ್ಯರೇ ಮತ ಹಾಕಿ ಒಬ್ಬರನ್ನು ಸೇರಿಸಿಕೊಳ್ಳಬಹುದು. ಚುನಾವಣೆಯ ಖರ್ಚು ಊರಿನ ತೆರಿಗೆಯಿಂದಲೇ ಹೋಗುವುದರಿಂದ ಹತ್ತು ಸಹಿ ಕೂಡುವುದು ಕಷ್ಟ. ಅವಧಿ ಮುಗಿದ ಮೇಲೆ ಅರ್ಜಿ ಕರೆದರು. ನಾನು ಯಾರು, ಊರಿಗೆ ಬಂದು ಎಷ್ಟು ಕಾಲವಾಯಿತು, ಏನು ಮಾಡಬಲ್ಲೆ ಎಂದು ಅರ್ಧ ಪುಟ ಬರೆದುಕೊಟ್ಟೆ. ಎಣ್ಣೆಯ ಲೆಕ್ಕದ ವಿಷಯವನ್ನೂ ಸೇರಿಸಿದೆ, ಅದೇ ಕೆಲಸ ಮಾಡಿತೆಂದು ತೋರುತ್ತದೆ.

ಸಭೆ ನಡೆದದ್ದು ನವೆಂಬರಿನ ಒಂದು ಸಂಜೆ, ವಿಲೇಜ್ ಹಾಲ್‌ನ ಹಿಂದಿನ ಕೋಣೆಯಲ್ಲಿ. ಪಬ್ ಎದುರಿಗೇ ಇತ್ತು, ಅಲ್ಲಿ ಬೆಂಕಿ ಉರಿಯುತ್ತಿತ್ತು, ನಾವು ಮಾತ್ರ ಕೋಟು ತೊಟ್ಟೇ ಕೂತಿದ್ದೆವು. ಕುತೂಹಲಕ್ಕೆ ಕೇಳಿದೆ. ಮದ್ಯ ಮಾರುವ ಪರವಾನಗಿ ಇರುವ ಜಾಗದಲ್ಲಿ, ಬೇರೆ ಯೋಗ್ಯವಾದ ಕೋಣೆ ಪುಕ್ಕಟೆಯಾಗಿಯೋ ಹಿತವಾದ ಬಾಡಿಗೆಗೋ ಸಿಗುವಂತಿದ್ದರೆ, ಪ್ಯಾರಿಶ್ ಕೌನ್ಸಿಲ್ ಸಭೆ ಸೇರಬಾರದೆಂದು 1972ರ ಕಾಯ್ದೆಯಲ್ಲೇ ಬರೆದಿದೆ. ಸಭೆಗೆ ಪೂರ್ತಿ ಮೂರು ದಿನ ಮೊದಲು ಕಾರ್ಯಸೂಚಿಯನ್ನು ನೋಟಿಸ್ ಬೋರ್ಡಿಗೆ ಹಾಕಿರಬೇಕು. ಅದರಲ್ಲಿ ಇಲ್ಲದ ವಿಷಯದ ಮೇಲೆ ತೀರ್ಮಾನ ಮಾಡುವಂತಿಲ್ಲ. ಅಧ್ಯಕ್ಷರು ಕುರಿಸಾಕಣೆಯ ರೈತರು, ಸಭೆಗೆ ಬರುವಾಗಲೂ ಬೂಟಿನಲ್ಲಿ ಮಣ್ಣು. ಒಂದೊಂದೇ ಅಂಶವನ್ನು ಓದಿ ಪೆನ್ಸಿಲಿನಿಂದ ಗೀಟು ಎಳೆಯುತ್ತಿದ್ದರು. ನನ್ನ ಅಂಶ ಬಂದಾಗ ಕೈಗಳು ಮೇಲೆದ್ದವು, ಕ್ಲರ್ಕ್ ಎಣಿಸಿ ಬರೆದುಕೊಂಡರು. ಅಷ್ಟೇ. ರಾಜರ ಹೆಸರಿನಲ್ಲಿ ಪ್ರಮಾಣವಚನವೇನೂ ಇಲ್ಲ. ಹುದ್ದೆಯನ್ನು ಒಪ್ಪಿಕೊಂಡಿದ್ದೇನೆ, ನಿಷ್ಠೆಯಿಂದ ನಿರ್ವಹಿಸುತ್ತೇನೆ ಎಂಬ ಒಂದು ಹಾಳೆಗೆ ಕ್ಲರ್ಕ್ ಎದುರಿಗೆ ಸಹಿ ಹಾಕಬೇಕು. ಆ ಸಹಿ ಬಿದ್ದ ಮೇಲೆ ಕುರ್ಚಿಯನ್ನು ಗೋಡೆಯ ಪಕ್ಕದಿಂದ ಮೇಜಿನ ಬಳಿಗೆ ಎಳೆದುಕೊಂಡೆ.

ಇದಾದ ಮೇಲೆ ಇಪ್ಪತ್ತೆಂಟು ದಿನಗಳೊಳಗೆ ನನ್ನ ಹಿತಾಸಕ್ತಿಗಳ ವಿವರ ಕೊಡಬೇಕಿತ್ತು. ಉದ್ಯೋಗ, ಪ್ಯಾರಿಶ್‌ನೊಳಗಿನ ಮನೆ ಮತ್ತು ಜಮೀನು, ಷೇರು, ಗುತ್ತಿಗೆ. ನನ್ನದಷ್ಟೇ ಅಲ್ಲ, ಹೆಂಡತಿಯದೂ. ಸಕಾರಣವಿಲ್ಲದೆ ಮುಚ್ಚಿಟ್ಟರೆ 2011ರ ಕಾಯ್ದೆಯಡಿ ಅದು ಅಪರಾಧ. ಹುಲ್ಲು ಕತ್ತರಿಸುವ ಗುತ್ತಿಗೆಯೇ ಅತಿ ದೊಡ್ಡ ಖರ್ಚಾಗಿರುವ ಊರಿಗೆ ಇಷ್ಟೊಂದು ಕಾಗದ ಬೇಕೇ ಎಂದು ಮೊದಲು ಅನ್ನಿಸಿತ್ತು. ಆಮೇಲೆ ಅನ್ನಿಸಲಿಲ್ಲ, ಕಾರಣ ಮುಂದೆ ಬರುತ್ತದೆ.

ನವೆಂಬರ್ 11ಕ್ಕೆ ಹತ್ತಿರದ ಭಾನುವಾರ ಯುದ್ಧ ಸ್ಮಾರಕದ ಮುಂದೆ ಊರು ಸೇರುತ್ತದೆ. ಹನ್ನೊಂದು ಗಂಟೆಗೆ ಎರಡು ನಿಮಿಷ ಮೌನ, ನಂತರ ಕಲ್ಲಿನ ಮೇಲಿನ ಹೆಸರುಗಳನ್ನು ಓದುವುದು, ಕೌನ್ಸಿಲ್ ಪರವಾಗಿ ಗಸಗಸೆ ಹೂವಿನ ಕೆಂಪು ಮಾಲೆ ಇಡುವುದು. ಅಧ್ಯಕ್ಷರು ಓದಿದ ಮನೆತನದ ಹೆಸರುಗಳಲ್ಲಿ ಅವರದೂ ಒಂದಿತ್ತು, ಟ್ರ್ಯಾಕ್ಟರ್ ರಿಪೇರಿಯವರದೂ ಇತ್ತು. ನೂರು ವರ್ಷಗಳಿಂದ ಅದೇ ಹೊಲಗಳಲ್ಲಿ ಅದೇ ಮನೆತನಗಳಿದ್ದ ಊರಿನ ಪಟ್ಟಿಗೆ ನನ್ನ ಹೆಸರೂ ಸೇರಿದೆಯಲ್ಲ ಎಂಬ ಸಂಕೋಚ ಆ ದಿನ ಇತ್ತು.

ಜನವರಿಯ ಸಭೆ ವರ್ಷದ ಮುಖ್ಯ ಸಭೆ, ಏಕೆಂದರೆ ಅಂದು ಪ್ರಿಸೆಪ್ಟ್ ನಿಗದಿಯಾಗುತ್ತದೆ. ಮುಂದಿನ ವರ್ಷಕ್ಕೆ ಊರಿಗೆ ಎಷ್ಟು ಹಣ ಬೇಕೆಂದು ನಾವು ತೀರ್ಮಾನಿಸಿ ತಿಳಿಸುತ್ತೇವೆ. ಆ ಮೊತ್ತವನ್ನು ನಮಗಿಂತ ಮೇಲಿನ ಹಂತದ ಶ್ರಾಪ್‌ಶೈರ್ ಕೌನ್ಸಿಲ್ ಪ್ರತಿ ಮನೆಯ ಕೌನ್ಸಿಲ್ ತೆರಿಗೆಯ ಜೊತೆಗೆ ವಸೂಲು ಮಾಡಿ ನಮಗೆ ಕೊಡುತ್ತದೆ. ಮನೆಗಳನ್ನು ಎ ಇಂದ ಎಚ್‌ವರೆಗೆ ಎಂಟು ದರ್ಜೆಗಳಾಗಿ ವಿಂಗಡಿಸಿರುತ್ತಾರೆ, ಅದಕ್ಕೆ ಆಧಾರ ಇಂದಿಗೂ 1991ರ ಏಪ್ರಿಲ್ 1ರಂದು ಆ ಮನೆಗೆ ಎಷ್ಟು ಬೆಲೆ ಬರುತ್ತಿತ್ತು ಎಂಬ ಅಂದಾಜು. ಎಲ್ಲವನ್ನೂ ಡಿ ದರ್ಜೆಯ ಲೆಕ್ಕಕ್ಕೆ ತಂದು ಭಾಗಿಸುತ್ತಾರೆ. ಉದಾಹರಣೆಗೆ ಊರಿನ ಮನೆಗಳು ಡಿ ದರ್ಜೆಯ 160 ಮನೆಗಳಿಗೆ ಸಮನಾಗಿ, ಬೇಕಾದ ಹಣ 12,000 ಪೌಂಡ್ ಆದರೆ, ಡಿ ಮನೆಯ ಪಾಲು ವರ್ಷಕ್ಕೆ 75 ಪೌಂಡ್. ಈ ಲೆಕ್ಕದ ಸೊಗಸು ಏನೆಂದರೆ, ಸಭೆಯಲ್ಲಿ ಯಾರು ಏನು ಬೇಡಿದರೂ ಪಕ್ಕದ ಮನೆಯವರ ಮೇಲೆ ಎಷ್ಟು ಬೀಳುತ್ತದೆಂದು ತಕ್ಷಣ ಹೇಳಬಹುದು. ಆಗ ಬೇಡಿಕೆಯ ದನಿ ತಾನಾಗಿ ತಗ್ಗುತ್ತದೆ.

ಖರ್ಚಿನ ಬಾಬುಗಳಲ್ಲಿ ಕ್ಲರ್ಕ್ ಸಂಬಳ, ವಿಮೆ, ಹಾಲ್ ಬಾಡಿಗೆ, ಮಕ್ಕಳ ಜೋಕಾಲಿಗಳ ವಾರ್ಷಿಕ ತಪಾಸಣೆ, ಹುಲ್ಲು ಕತ್ತರಿಸುವಿಕೆ ಇವೆಲ್ಲ ಪ್ರತಿ ವರ್ಷದವು. ಹೆಚ್ಚು ಚರ್ಚೆಯಾದದ್ದು ಟೆಲಿಫೋನ್ ಬೂತಿನ ಬಗ್ಗೆ. 1935ರಲ್ಲಿ ಐದನೆಯ ಜಾರ್ಜ್ ಪಟ್ಟಕ್ಕೆ ಬಂದ ಇಪ್ಪತ್ತೈದನೆಯ ವರ್ಷದ ನೆನಪಿಗೆ ವಾಸ್ತುಶಿಲ್ಪಿ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ರೂಪಿಸಿದ ಕೆಂಪು ಪೆಟ್ಟಿಗೆ ಅದು. ಮೊಬೈಲು ಬಂದ ಮೇಲೆ ಇಂಥವನ್ನು ಒಂದು ಪೌಂಡಿಗೆ ಊರುಗಳಿಗೆ ಬಿಟ್ಟುಕೊಡುವ ಯೋಜನೆಯನ್ನು ಬಿಟಿ ಎಂಬ ದೂರವಾಣಿ ಸಂಸ್ಥೆ 2008ರಲ್ಲಿ ಆರಂಭಿಸಿತು. ನಮ್ಮ ಊರೂ ಕೊಂಡಿತು. ಈಗ ಒಳಗೆ ಫೋನಿಲ್ಲ, ಹೃದಯ ನಿಂತವರಿಗೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಇದೆ. ಆಂಬ್ಯುಲೆನ್ಸ್ ದೂರದಿಂದ ಬರಬೇಕಾದ ಕಣಿವೆಯಲ್ಲಿ ಅದು ಅಲಂಕಾರದ ವಸ್ತುವಲ್ಲ. ಎದೆಗೆ ಅಂಟಿಸುವ ಪ್ಯಾಡುಗಳಿಗೆ ಅವಧಿ ಇರುತ್ತದೆ, ಬ್ಯಾಟರಿ ಬದಲಿಸಬೇಕು, ಬಾಗಿಲಿನ ತೊಗಲಿನ ಪಟ್ಟಿ ಹರಿದಿತ್ತು, ಬಣ್ಣ ಸುಲಿದಿತ್ತು. ಬಣ್ಣ ಯಾವ ಕೆಂಪು ಎಂಬುದರ ಮೇಲೆ ನಡೆದ ಮಾತು ಬಜೆಟ್ಟಿನ ಉಳಿದೆಲ್ಲ ಮಾತಿಗಿಂತ ಉದ್ದವಾಯಿತು. ನಾನು ಸುಮ್ಮನೆ ಕೇಳಿದೆ. 2021ರ ಫೆಬ್ರುವರಿಯಲ್ಲಿ ಚೆಷೈರ್‌ನ ಹ್ಯಾಂಡ್‌ಫೋರ್ತ್ ಕೌನ್ಸಿಲ್‌ನ ಜೂಮ್ ಸಭೆಯ ಜಗಳ ಜಗತ್ತಿಗೆಲ್ಲ ನಗೆಯ ವಿಡಿಯೊ ಆಗಿತ್ತು; ಅಲ್ಲಿ ಅಧಿಕಾರದ ಮಾತಿತ್ತು, ನಮ್ಮಲ್ಲಿ ಬಣ್ಣದ್ದು. ಕೊನೆಗೆ ಒಬ್ಬರು, ಒಂದು ಕೋಟು ಬಳಿಯಲು ತಾವೇ ಬರುತ್ತೇವೆಂದರು, ಬಾಬು ಅರ್ಧಕ್ಕಿಳಿಯಿತು.

ಫೆಬ್ರುವರಿಯಲ್ಲಿ ಆರು ಜನ ಸಹಿ ಹಾಕಿದ ಪತ್ರವೊಂದು ಬಂತು: ತಮಗೆ ತರಕಾರಿ ಬೆಳೆಯಲು ಅಲಾಟ್‌ಮೆಂಟ್, ಅಂದರೆ ಬಾಡಿಗೆಗೆ ಕೊಡುವ ಚಿಕ್ಕ ತುಂಡು ಜಮೀನು ಬೇಕು. 1908ರ ಕಾಯ್ದೆಯ ಪ್ರಕಾರ ಆರು ಮಂದಿ ಮತದಾರರೋ ತೆರಿಗೆದಾರರೋ ಹೀಗೆ ಬರೆದುಕೊಟ್ಟರೆ ಕೌನ್ಸಿಲ್ ಅದನ್ನು ಪರಿಶೀಲಿಸಲೇಬೇಕು. ಬೇಡಿಕೆ ಇದೆಯೆಂದು ಕಂಡರೆ ಜಾಗ ಒದಗಿಸುವುದು ಅದರ ಕರ್ತವ್ಯ. ಹಳ್ಳಿಯಲ್ಲಿ ಎಲ್ಲರಿಗೂ ಹಿತ್ತಲಿರುತ್ತದೆಂದು ಹೊರಗಿನವರು ಭಾವಿಸುತ್ತಾರೆ. ಸಾಲುಮನೆಗಳ ಬಾಡಿಗೆದಾರರಿಗೆ ಕಸದ ಡಬ್ಬಿ ಇಡುವಷ್ಟೇ ಅಂಗಳ. ಸಹಿ ಹಾಕಿದವರಲ್ಲಿ ನಾಲ್ವರು ಅಂಥವರು.

ಅಲಾಟ್‌ಮೆಂಟಿನ ಒಂದು ತುಂಡು ಸಂಪ್ರದಾಯದಂತೆ ಹತ್ತು ಪೋಲ್, ಅಂದರೆ ಸುಮಾರು 250 ಚದರ ಮೀಟರ್. ಪೋಲ್ ಎಂಬ ಅಳತೆ ಸಭೆಯ ಕಿರಿಯರಿಗೆ ಅರ್ಥವಾಗಲಿಲ್ಲ, ನನಗೆ ಚೆನ್ನಾಗಿ ಆಯಿತು: ಎಕರೆಗೆ 160 ಪೋಲ್, ಎಕರೆಗೆ 40 ಗುಂಟೆ, ಆದ್ದರಿಂದ ಹತ್ತು ಪೋಲ್ ಎಂದರೆ ಸರಿಯಾಗಿ ಎರಡೂವರೆ ಗುಂಟೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಮನೆಯ ಪಹಣಿಯಲ್ಲಿ ಎಕರೆ ಗುಂಟೆಗಳನ್ನು ಓದಿ ಬೆಳೆದವನಿಗೆ ಆ ತುಂಡು ಎಷ್ಟು ದೊಡ್ಡದು, ಒಬ್ಬ ಮನುಷ್ಯ ಸಂಜೆಯ ಹೊತ್ತಿನಲ್ಲಿ ಎಷ್ಟು ಅಗೆಯಬಲ್ಲ ಎಂಬ ಅಂದಾಜು ಸಿಕ್ಕಿತು. ಅರ್ಧ ತುಂಡುಗಳನ್ನೂ ಕೊಡೋಣವೆಂದು ನಾನು ಸೂಚಿಸಿದೆ, ಒಪ್ಪಿದರು.

ಜಾಗಕ್ಕಾಗಿ ಚರ್ಚಿನ ಹಿಂದಿನ ಗ್ಲೀಬ್ ಹೊಲವನ್ನು ನೋಡಿದೆವು. ಹಿಂದೆ ಪಾದ್ರಿಯ ಜೀವನೋಪಾಯಕ್ಕೆ ಬಿಟ್ಟ ಉಂಬಳಿ ಭೂಮಿ ಅದು. ಈಗ ಇಂಥ ಜಮೀನು ಧರ್ಮಪ್ರಾಂತದ ಹಣಕಾಸು ಮಂಡಳಿಯ ವಶದಲ್ಲಿರುತ್ತದೆ. ಪತ್ರ ವ್ಯವಹಾರ ನಿಧಾನವಾಗಿಯೇ ನಡೆಯಿತು. ಗುತ್ತಿಗೆಯ ಕರಡು ಬಂದ ಸಂಜೆ ನಮ್ಮ ಸದಸ್ಯರೊಬ್ಬರು ಎದ್ದು, ತಮ್ಮ ಹೊಲ ಆ ಜಾಗಕ್ಕೆ ಹೊಂದಿಕೊಂಡಿದೆ, ದಾರಿ ಅಲ್ಲಿಂದಲೇ ಹೋಗಬೇಕಾಗುತ್ತದೆ, ಆದ್ದರಿಂದ ತಮಗೆ ಹಿತಾಸಕ್ತಿ ಇದೆ ಎಂದು ಘೋಷಿಸಿ ಕೋಣೆಯಿಂದ ಹೊರಹೋದರು. ಹೋದದ್ದು ಅಡುಗೆಮನೆಗೆ. ಅಲ್ಲಿ ಲೋಟಗಳನ್ನು ತೊಳೆಯತೊಡಗಿದರು. ಚಹಾ ಕೊಡುವ ಗೋಡೆಕಿಂಡಿ ತೆರೆದೇ ಇತ್ತು, ಮಾತೆಲ್ಲ ಅವರಿಗೆ ಕೇಳುತ್ತಿತ್ತು. ಕ್ಲರ್ಕ್ ಎದ್ದು ಹೋಗಿ, ಕ್ಷಮೆ ಕೇಳಿ, ಕಿಂಡಿಯ ಬಾಗಿಲು ಎಳೆದು ಬಂದರು. ಆ ಮೇಲೆಯೇ ಚರ್ಚೆ ಮುಂದುವರಿಯಿತು. ಆ ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಅವರ ಮಕ್ಕಳ ಮದುವೆಗೆ ಇವರು ಹೋದವರು. ನವೆಂಬರಿನಲ್ಲಿ ನಾನು ತುಂಬಿದ ಆ ಫಾರಂ ಯಾತಕ್ಕೆಂದು ನನಗೆ ಅಂದು ತಿಳಿಯಿತು: ಮುಖ ನೋಡಿ ಮಣೆ ಹಾಕಲೇಬೇಕಾದಷ್ಟು ಚಿಕ್ಕ ಊರಿನಲ್ಲಿ, ಹಾಗೆ ಹಾಕದಿರಲು ಒಂದು ನೆಪ ಬೇಕು, ಆ ನೆಪವನ್ನು ಕಾನೂನು ಒದಗಿಸುತ್ತದೆ. ‘ನಿನ್ನ ಮೇಲೆ ಅನುಮಾನವಿಲ್ಲ, ನಿಯಮ ಹಾಗಿದೆ’ ಎಂದು ಹೇಳಿ ಬಾಗಿಲು ಮುಚ್ಚಬಹುದು, ಸ್ನೇಹಕ್ಕೆ ಗಾಯವಾಗುವುದಿಲ್ಲ.

ದಾರಿಯ ಪ್ರಶ್ನೆ ಬಗೆಹರಿದು ಇಬ್ಬರು ಸದಸ್ಯರು ಗುತ್ತಿಗೆಗೆ ಸಹಿ ಹಾಕಿದರು. ಕೋಳಿ ಸಾಕಬಹುದೇ ಎಂಬ ಪ್ರಶ್ನೆಗೆ 1950ರ ಕಾಯ್ದೆಯಲ್ಲಿ ಉತ್ತರವಿತ್ತು: ಸ್ವಂತಕ್ಕಾಗಿ ಹೇಂಟೆ ಮತ್ತು ಮೊಲ ಸಾಕಬಹುದು, ಹುಂಜ ಸಾಕುವಂತಿಲ್ಲ. ತುಂಡುಗಳನ್ನು ಚೀಟಿ ಎತ್ತಿ ಹಂಚಿದೆವು. ಆ ಬೇಸಿಗೆಯಲ್ಲಿ ಅವರೆ, ಆಲೂಗಡ್ಡೆಗಳ ನಡುವೆ ಒಬ್ಬರ ಪಾತಿಯಲ್ಲಿ ನಾನು ಕೊಟ್ಟ ಮೆಂತ್ಯವೂ ಬಂತು.

ಮಾರ್ಚ್ 1 ಮತ್ತು ಜೂನ್ 1ರ ನಡುವೆ ಊರಿನ ಮತದಾರರೆಲ್ಲರೂ ಮಾತಾಡಬಹುದಾದ ವಾರ್ಷಿಕ ಪ್ಯಾರಿಶ್ ಸಭೆ ನಡೆಯಬೇಕು. ದುಡಿದು ಬಂದವರಿಗೆ ತಪ್ಪಿಹೋಗದಂತೆ ಅದು ಸಂಜೆ ಆರಕ್ಕೆ ಮೊದಲು ಆರಂಭವಾಗಬಾರದು. ಇದು ನಮ್ಮ ಗ್ರಾಮಸಭೆಗೆ ಹತ್ತಿರದ್ದು. ಹಾಲ್ ಸಮಿತಿ, ಡಬ್ಲ್ಯುಐ (ವಿಮೆನ್ಸ್ ಇನ್‌ಸ್ಟಿಟ್ಯೂಟ್) ಎಂಬ ಮಹಿಳೆಯರ ಸಂಘ, ಕ್ರಿಕೆಟ್ ಕ್ಲಬ್ ತಮ್ಮ ತಮ್ಮ ವರದಿ ಓದಿದರು. ಬ್ರಿಟನ್ನಿನ ಮೊದಲ ಡಬ್ಲ್ಯುಐ 1915ರಲ್ಲಿ ವೇಲ್ಸ್‌ನ ಹಳ್ಳಿಯೊಂದರಲ್ಲಿ ಆರಂಭವಾದದ್ದು. ನಮ್ಮ ಊರಿನ ಸಂಘದಲ್ಲಿ ಈಗ ಐವತ್ತಕ್ಕಿಂತ ಚಿಕ್ಕ ವಯಸ್ಸಿನವರು ಕಡಿಮೆ, ಕ್ರಿಕೆಟ್ ತಂಡಕ್ಕೆ ಪಕ್ಕದ ಊರಿನಿಂದ ಆಟಗಾರರನ್ನು ಕರೆಯಬೇಕು. ಇದನ್ನೆಲ್ಲ ಕೇಳಿದ ಮೇಲೆ ಸಾಲುಮನೆಯ ತರುಣಿಯೊಬ್ಬಳು ಎದ್ದು ನಿಂತು, ತಾನು ಇಲ್ಲೇ ಹುಟ್ಟಿದವಳು, ತನ್ನ ಮನೆಯ ಮಾಲೀಕರು ಅದನ್ನು ಪ್ರವಾಸಿಗರಿಗೆ ವಾರದ ಬಾಡಿಗೆಗೆ ಕೊಡುವವರಿದ್ದಾರೆ, ಇನ್ನು ತಾನು ಲಡ್ಲೋದಲ್ಲಿಯೂ ಮನೆ ಹಿಡಿಯಲಾರೆ ಎಂದಳು. ಬೂತಿನ ಬಣ್ಣದ ಬಗ್ಗೆ ಅಷ್ಟು ಹೊತ್ತು ಮಾತಾಡಿದ್ದವರು ಯಾರೂ ಬಾಯಿ ತೆರೆಯಲಿಲ್ಲ.

ಮನೆ ಕಟ್ಟಲು ಅನುಮತಿ ಕೊಡುವ ಅಧಿಕಾರ ನಮಗಿಲ್ಲ. ಅರ್ಜಿ ಬಂದಾಗ ನಮ್ಮ ಅಭಿಪ್ರಾಯ ಕೇಳುತ್ತಾರೆ, ಅದು ಸಲಹೆ ಮಾತ್ರ. ಆದರೆ ಸಾಮಾನ್ಯವಾಗಿ ಕಟ್ಟಡಕ್ಕೆ ಬಿಡದ ಊರಂಚಿನ ಜಾಗದಲ್ಲಿ, ಸ್ಥಳೀಯರಿಗೇ ಮೀಸಲಾದ ಕಡಿಮೆ ಬೆಲೆಯ ಕೆಲವು ಮನೆಗಳನ್ನು ಕಟ್ಟಲು ಅವಕಾಶ ಕೊಡುವ ನಿಯಮವೊಂದಿದೆ. ಅದಕ್ಕೆ ಮೊದಲು ಊರಿನಲ್ಲಿ ಯಾರಿಗೆ ಎಂಥ ಮನೆ ಬೇಕೆಂಬ ಸಮೀಕ್ಷೆ ಬೇಕು. ನಮ್ಮ ಕಿಟಕಿಯ ನೋಟ ಕೆಡುತ್ತದೆಂದು ಆಕ್ಷೇಪಿಸುವವರು ಇದ್ದೇ ಇರುತ್ತಾರೆ, ಅವರಲ್ಲಿ ಒಳ್ಳೆಯವರೂ ಇದ್ದಾರೆ. ಸಮೀಕ್ಷೆ ಮಾಡಬೇಕೆಂಬ ನಿರ್ಣಯ ಒಂದು ಮತದ ಅಂತರದಿಂದ ಗೆದ್ದಿತು. ನಾನು ಪರವಾಗಿ ಕೈ ಎತ್ತಿದೆ, ಅಧ್ಯಕ್ಷರು ವಿರೋಧಿಸಿದರು, ಸಭೆ ಮುಗಿದ ಮೇಲೆ ಇಬ್ಬರೂ ಸೇರಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದೆವು.

ಫಾರಂಗಳು ಅಚ್ಚಾಗಿ ಬಂದಿವೆ. ಊರನ್ನು ಸದಸ್ಯರ ನಡುವೆ ಹಂಚಿಕೊಂಡಿದ್ದೇವೆ. ಸಾಲುಮನೆಗಳು ಮತ್ತು ಹೊಳೆಯಾಚೆಯ ಎರಡು ಫಾರ್ಮ್‌ಗಳು ನನ್ನ ಪಾಲಿಗೆ ಬಂದಿವೆ. ತುಂಬಿದ ಫಾರಂಗಳನ್ನು ಮುಚ್ಚಿದ ಲಕೋಟೆಯಲ್ಲಿ ಟೆಲಿಫೋನ್ ಬೂತಿನಲ್ಲಿಟ್ಟಿರುವ ಡಬ್ಬಿಗೆ ಹಾಕಬೇಕು, ಸೆಪ್ಟೆಂಬರ್ ಕೊನೆಯವರೆಗೆ ಸಮಯವಿದೆ.